ಡಿಸೈನರ್ ಕಾವಲಿಗೆ ಕೊಡೋ ದುಡ್ಡು ಎಲ್ಲಿಗೆ ಹೋಗುತ್ತೆ?

ಪುಟ್ಟಿ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಕೆನೆಬಣ್ಣದ ಎನಾಮೆಲ್ ಹೊದಿಸಿದ ಎರಕದ ಕಾವಲಿ, ಮರದ ಹಿಡಿ, 4,800 ರೂಪಾಯಿ. ದೋಸೆಗೆ ತಗೊಳ್ಳಲಾ ಅಂತ ಕೇಳಿದ್ದೀಯ. ಅತ್ತಿಗೆ ಅದೇ ಅಂಗಡಿಯ ಹಿತ್ತಾಳೆ ಬಾಣಲೆ ಬಗ್ಗೆ ಕೇಳಿದ್ದಾರೆ. ಟೈಪ್ ಮಾಡಿದರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಮೊದಲು ಕಾವಲಿ. ದೋಸೆಗೆ ಅದು ಬೇಡಮ್ಮ. ಬೆಲೆ ಜಾಸ್ತಿ ಅಂತ ಬೇಡ ಅಂತಿಲ್ಲ, ಆ ಕೆಲಸಕ್ಕೆ ಅದು ಒಗ್ಗಲ್ಲ ಅಂತ. ಎನಾಮೆಲ್ ಅಂದರೆ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜಿನ ಪದರ. ನಾವು ದೋಸೆ ಹುಯ್ಯೋ ಮುಂಚೆ ಕಾದ ಕಾವಲಿಗೆ ತಣ್ಣೀರು ಚಿಮುಕಿಸ್ತೀವಲ್ಲ, ಆಗ ಮೇಲಿನ ಗಾಜು ಫಕ್ಕನೆ ತಣ್ಣಗಾಗಿ ಕುಗ್ಗುತ್ತೆ, ಕೆಳಗಿನ ಕಬ್ಬಿಣ ಇನ್ನೂ ಹಿಗ್ಗೇ ಇರುತ್ತೆ. ದಿನಾ ಹೀಗಾದರೆ ಸಣ್ಣ ಸಣ್ಣ ಬಿರುಕು ಬಿಟ್ಟು ಕೊನೆಗೆ ಚಕ್ಕೆ ಏಳುತ್ತೆ. ಜೊತೆಗೆ, ಆ ಹೊಳೆಯೋ ಮೈಗೆ ಎಣ್ಣೆಯ ಪದರ ಕಬ್ಬಿಣಕ್ಕೆ ಹಿಡಿದ ಹಾಗೆ ಹಿಡಿಯಲ್ಲ, ಹಿಟ್ಟು ಅಂಟಿಕೊಳ್ಳುತ್ತೆ. ಅದೇ ಎನಾಮೆಲ್ ಆಳದ ಪಾತ್ರೆಯಲ್ಲಿ ಇದ್ದರೆ ಬೇರೆ ಮಾತು. ಗೊಜ್ಜು, ಹುಳಿ, ಟೊಮೇಟೊ ಸಾರು ಬರೀ ಕಬ್ಬಿಣದಲ್ಲಿ ಕುದಿಸಿದರೆ ಹುಣಸೆಹುಳಿ ಕಬ್ಬಿಣವನ್ನು ತಿಂದು ಅಡುಗೆ ಕಪ್ಪಾಗುತ್ತೆ, ಒಗರು ಬರುತ್ತೆ. ಎನಾಮೆಲ್ ಅದನ್ನು ತಡೆಯುತ್ತೆ. ಅಲ್ಲಿ ಆ ದುಡ್ಡಿಗೆ ಅರ್ಥ ಇದೆ.

ಮರದ ಹಿಡಿಯೂ ಅಷ್ಟೆ. ನೀರಲ್ಲಿ ಉಬ್ಬುತ್ತೆ, ಬಿಸಿಗೆ ಒಣಗುತ್ತೆ, ಆಗ ಸ್ಕ್ರೂ ಸಡಿಲ ಆಗುತ್ತೆ. ಒಂದೇ ಸ್ಕ್ರೂ ಇದ್ದರಂತೂ ಎರಡು ಕಿಲೋ ಮೀರಿದ ಬಿಸಿ ಕಬ್ಬಿಣ ಕೈಯಲ್ಲೇ ತಿರುಗಿಬಿಡುತ್ತೆ. ಕಾವಲಿ ಜೊತೆಗೇ ಎರಕ ಹೊಯ್ದ ಹಿಡಿ ಇರೋದನ್ನೇ ತಗೋ, ಬಟ್ಟೆ ಹಿಡಿದು ಎತ್ತಿದರಾಯ್ತು.

ಹಾಗಾದರೆ ಯಾವುದು? ಬಣ್ಣ ಇಲ್ಲದ ಸಾದಾ ಎರಕದ್ದು. ಮಂಗಳೂರು ಕಡೆಯವರು ಬೀಡಿನ ಕಾವಲಿ ಅಂತಾರಲ್ಲ, ಅದೇ. ಸಾಮಾನ್ಯವಾಗಿ ನೀನು ನೋಡಿರೋ ಬೆಲೆಯ ಮೂರನೇ ಒಂದು ಪಾಲಿನೊಳಗೆ ಸಿಗುತ್ತೆ. ಆನ್‌ಲೈನಲ್ಲಿ ದಪ್ಪ ಎಷ್ಟು ಅಂತ ಬರೆದಿರಲ್ಲ, ಆದರೆ ತೂಕ ಬರೆದಿರ್ತಾರೆ. 12 ಇಂಚಿನ, ಅಂದರೆ 30 ಸೆಂಟಿಮೀಟರಿನ ಚಪ್ಪಟೆ ಕಾವಲಿ 4.5 ಮಿಲಿಮೀಟರ್ ದಪ್ಪ ಇದ್ದರೆ ಹಿಡಿ ಬಿಟ್ಟು ಸುಮಾರು 2.3 ಕಿಲೋ ಬರಬೇಕು. 3 ಮಿಲಿಮೀಟರ್ ಆದರೆ ಒಂದೂವರೆ ಕಿಲೋ. ತೆಳು ಇದ್ದರೆ ಹಿಟ್ಟು ಬಿದ್ದ ಕೂಡಲೇ ತಣ್ಣಗಾಗುತ್ತೆ, ಎರಡನೇ ದೋಸೆ ಹೊತ್ತಿಗೆ ನಡುವೆ ಕರಕಲು, ಅಂಚು ಹಸಿ. ಅಂಗಡಿಯಲ್ಲೇ ಕೊಳ್ಳೋದಾದರೆ ಹಿಡಿಯಲ್ಲಿ ಎತ್ತಿ ಬೆರಳ ಗಿಣ್ಣಿಂದ ತಟ್ಟಿ ನೋಡು. ಠಣ್ ಅಂತ ನಾದ ಬಂದರೆ ಸರಿ, ಡಬ್ ಅಂದರೆ ಒಳಗೆ ಬಿರುಕಿದೆ, ಬಿಟ್ಟುಬಿಡು. ಮಟ್ಟದ ಕಲ್ಲಿನ ಮೇಲಿಟ್ಟಾಗ ಅಲ್ಲಾಡಬಾರದು.

ದುಬಾರಿ ಎರಕದಲ್ಲಿ ಒಂದು ಲಾಭ ಇದೆ, ಅದನ್ನೂ ಹೇಳಬೇಕು. ಮರಳಿನ ಅಚ್ಚಿಂದ ಬಂದ ತರಿತರಿ ಮೈಯನ್ನು ಮೆಷಿನ್ನಲ್ಲಿ ತೇದು ನುಣುಪು ಮಾಡಿರ್ತಾರೆ. ಆದ್ದರಿಂದ ಶುರುವಿಂದಲೇ ದೋಸೆ ಸಲೀಸಾಗಿ ಏಳುತ್ತೆ. ಸಾದಾ ಕಾವಲಿ ಅಲ್ಲಿಗೆ ಬರೋಕೆ ಒಂದೆರಡು ತಿಂಗಳು ಬೇಕು. ಆ ಎರಡು ತಿಂಗಳಿಗೆ ಮೂರು ಸಾವಿರ ಕೊಡ್ತೀಯಾ ಅನ್ನೋದು ನಿನಗೆ ಬಿಟ್ಟಿದ್ದು. ನಾನಂತೂ ಕೊಡು ಅನ್ನಲ್ಲ.

ಪಳಗಿಸೋದು ಹೀಗೆ. ಹೊಸ ಕಾವಲಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯೋ ಮೇಣವೋ ಬಳಿದಿರ್ತಾರೆ. ಬಿಸಿನೀರು, ಸೋಪು, ತೆಂಗಿನ ನಾರು ಹಾಕಿ ಚೆನ್ನಾಗಿ ಉಜ್ಜು. ಗಂಜಿಯಲ್ಲೋ ಅಕ್ಕಿ ತೊಳೆದ ನೀರಲ್ಲೋ ಒಂದು ರಾತ್ರಿ ನೆನೆಸು, ಬೆಳಿಗ್ಗೆ ತೊಳೆದು ಕೂಡಲೇ ಒಲೆ ಮೇಲಿಟ್ಟು ಒಣಗಿಸು. ಬೆಚ್ಚಗಿರುವಾಗ ಅರ್ಧ ಚಮಚ ಕಡಲೆಕಾಯಿ ಎಣ್ಣೆ ಎಲ್ಲಾ ಕಡೆ ಸವರು. ಆಮೇಲೆ ಒಣಬಟ್ಟೆಯಲ್ಲಿ ಎಣ್ಣೆ ಹಚ್ಚೇ ಇಲ್ಲವೇನೋ ಅನ್ನೋಷ್ಟು ಒರೆಸಿ ತೆಗಿ. ಎಲ್ಲರೂ ಎಡವೋದು ಇಲ್ಲೇ. ದಪ್ಪ ಎಣ್ಣೆ ಬಿಟ್ಟರೆ ಅದು ಗಟ್ಟಿ ಪದರ ಆಗೋ ಬದಲು ಜಿಗುಟಾಗಿ ನಿಲ್ಲುತ್ತೆ, ಅದರ ಮೇಲೆ ದೋಸೆ ಹರಿದು ಬರುತ್ತೆ. ಹೊಗೆ ಎದ್ದು ನಿಲ್ಲೋವರೆಗೂ ಕಾಯಿಸಿ, ಆರಿಸಿ, ಮತ್ತೆ ಸವರಿ, ಹೀಗೆ ನಾಲ್ಕೈದು ಸಲ ಮಾಡು. ಮೊದಲ ಒಂದು ವಾರ ದೋಸೆ ಬೇಡ, ಈರುಳ್ಳಿ ಹುರಿ, ಎಣ್ಣೆ ಹಾಕಿ ರೊಟ್ಟಿ ತಟ್ಟು.

ದೋಸೆ ದಿನ ನೀರು ಚಿಮುಕಿಸಿದಾಗ ಹನಿಗಳು ಮಣಿಯಂತೆ ಓಡಾಡಿದರೆ ಕಾವು ಅತಿಯಾಗಿದೆ ಅಂತ. ಆಗ ಹಿಟ್ಟು ಹುಯ್ದರೆ ಸೌಟಿಗೇ ಸುತ್ತಿಕೊಳ್ಳುತ್ತೆ, ಹರಡಲ್ಲ. ಉರಿ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ ಆಮೇಲೆ ಹುಯ್ಯಿ. ಚಪಾತಿಗೆ ಬೇರೆ ಕಾವಲಿ ಇರಲಿ. ಎಣ್ಣೆ ಇಲ್ಲದ ಒಣ ಕಾವಿಗೆ ಪಳಗಿದ ಪದರ ಸುಟ್ಟು ಹೋಗುತ್ತೆ.

ನಿಮ್ಮನೇಲಿ ಇಂಡಕ್ಷನ್ ಅಲ್ವಾ? ಅದರ ಸುರುಳಿ ಸಾಮಾನ್ಯವಾಗಿ ಕಾವಲಿಗಿಂತ ತುಂಬಾ ಚಿಕ್ಕದು, ಅದರ ಮೇಲಿನ ಭಾಗ ಮಾತ್ರ ಕಾಯುತ್ತೆ. 12 ಇಂಚಿನದು ಬೇಡ, 10 ಇಂಚು ಸಾಕು. ಸಣ್ಣ ಉರಿಯಲ್ಲೇ ಐದಾರು ನಿಮಿಷ ಬಿಡು, ಒಮ್ಮೆಲೇ ಪೂರ್ತಿ ಏರಿಸಿದರೆ ಎರಕ ಸೀಳಬಹುದು.

ಅತ್ತಿಗೆ, ನಿಮ್ಮ ಹಿತ್ತಾಳೆ ಬಾಣಲೆ. ಮೊದಲು ಅಡುಗೆಗೋ ಅಲಂಕಾರಕ್ಕೋ ಕೇಳಿಕೊಳ್ಳಿ. ಷೋಕೇಸಿನ ಹಿತ್ತಾಳೆಗೆ ಹೊಳಪು ಹೋಗದಿರಲಿ ಅಂತ ಲ್ಯಾಕರ್, ಅಂದರೆ ವಾರ್ನಿಶ್‌ನಂಥ ಪದರ ಬಳಿದಿರ್ತಾರೆ, ಅದನ್ನು ಒಲೆ ಮೇಲೆ ಇಡಲೇಬಾರದು. ಅಡುಗೆಯದೇ ಆದರೆ ಒಳಗೆ ಕಲಾಯಿ ಇರಬೇಕು. ಇಲ್ಲದಿದ್ದರೆ ಹುಳಿ ಹಾಕಿದ್ದಕ್ಕೆಲ್ಲ ಕಿಲುಬು ಬಿಡುತ್ತೆ. ಕಲಾಯಿ ಅಂದರೆ ತವರ, 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಕರಿಯೋ ಎಣ್ಣೆ 180-190ರಲ್ಲಿ ಇರುತ್ತೆ, ತೊಂದರೆ ಇಲ್ಲ. ಖಾಲಿ ಬಾಣಲೆ ಜೋರು ಉರಿ ಮೇಲೆ ಮರೆತರೆ ಕೆಲವೇ ನಿಮಿಷದಲ್ಲಿ ಆ ಮಟ್ಟ ದಾಟಿ ತವರ ಮಣಿಮಣಿಯಾಗಿ ಕೂಡಿಕೊಳ್ಳುತ್ತೆ. ಮಗುಚೋ ಕೈ ಮರದ್ದೇ ಇರಲಿ, ಉಜ್ಜೋಕೆ ಉಕ್ಕಿನ ನಾರು ಬೇಡ. ಒಳಗೆ ಹಳದಿ ಕಾಣಿಸೋಕೆ ಶುರುವಾದರೆ ಮತ್ತೆ ಕಲಾಯಿ ಹಾಕಿಸಬೇಕು. ನಿಮ್ಮೂರಲ್ಲಿ ಕಲಾಯಿ ಹಾಕೋರು ಸಿಗ್ತಾರಾ ವಿಚಾರಿಸಿಕೊಂಡೇ ದುಡ್ಡು ಕೊಡಿ. ಅವರಿಲ್ಲದಿದ್ದರೆ ಎಷ್ಟೇ ಚಂದದ ಬಾಣಲೆಯಾದರೂ ಅಟ್ಟ ಸೇರುತ್ತೆ.

ದುಡ್ಡು ಹಾಕಲೇಬೇಕು ಅಂತಿದ್ದರೆ ಇಬ್ಬರೂ ಟ್ರೈಪ್ಲೈ ಸ್ಟೀಲ್ ನೋಡಿ. ಅಲ್ಲಿ ಜಾಸ್ತಿ ಬೆಲೆ ನ್ಯಾಯವಾದದ್ದೇ. ಸ್ಟೀಲು ಬಿಸಿಯನ್ನು ಹರಡೋದರಲ್ಲಿ ತೀರಾ ಮಂದ, ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ಟ್ರೈಪ್ಲೈನಲ್ಲಿ ಎರಡು ಸ್ಟೀಲಿನ ನಡುವೆ ಅಲ್ಯೂಮಿನಿಯಂ ತಳದಿಂದ ಅಂಚಿನವರೆಗೂ ಹೋಗಿರುತ್ತೆ. ಅಗ್ಗದ ಸ್ಯಾಂಡ್‌ವಿಚ್ ತಳದಲ್ಲಿ ಕೆಳಗೆ ಮಾತ್ರ ಒಂದು ಬಿಲ್ಲೆ. ಅದು ಮುಗಿಯೋ ಜಾಗದಲ್ಲಿ, ಪಕ್ಕಕ್ಕೆ ಉರಿ ತಾಗೋ ಕಡೆ ಪಾಯಸ ಉಂಗುರದ ಹಾಗೆ ಹತ್ತಿಕೊಳ್ಳುತ್ತೆ. ಹೊರಗಿಂದ ನೋಡಿದಾಗ ತಳದ ಹತ್ತಿರ ಮೆಟ್ಟಿಲಿನಂಥ ಅಂಚು ಕಂಡರೆ ಅದು ಬಿಲ್ಲೆ. ಮ್ಯಾಗ್ನೆಟ್ ಅಂಟಿದರೆ ಕಳಪೆ ಸ್ಟೀಲು ಅಂತ ಗ್ರೂಪಿನಲ್ಲಿ ಆಗಾಗ ಬರುತ್ತಲ್ಲ, ಅದನ್ನು ನಂಬಬೇಡಿ. ಇಂಡಕ್ಷನ್ನಿಗೆ ಅಂತ ಹೊರಪದರಕ್ಕೆ ಅಂಟೋ ಸ್ಟೀಲನ್ನೇ ಹಾಕ್ತಾರೆ. ಅಗ್ಗದ 202 ದರ್ಜೆಯ ಸ್ಟೀಲಿಗೂ ಮ್ಯಾಗ್ನೆಟ್ ಅಂಟಲ್ಲ. ಒಳಪದರ ಅದಕ್ಕಿಂತ ಒಳ್ಳೆಯ 304 ದರ್ಜೆಯದು ಅಂತ ಬಿಲ್ಲಿನಲ್ಲೋ ಡಬ್ಬದ ಮೇಲೋ ಬರೆದಿದೆಯಾ ನೋಡಿ.

ಡಬ್ಬ, ಲೋಟ, ತಟ್ಟೆಗೆಲ್ಲ ಇಷ್ಟು ಯೋಚನೆ ಬೇಡ, ಕಣ್ಣಿಗೆ ಇಷ್ಟ ಆದರೆ ತಗೊಳ್ಳಿ. ಕುಕ್ಕರ್ ಮಾತ್ರ ಹಾಗಲ್ಲ. ಬಣ್ಣ ನೋಡೋ ಮುಂಚೆ ಐಎಸ್‌ಐ ಗುರುತು, ಅದರ ಜೊತೆ ಐಎಸ್ 2347 ಅನ್ನೋ ಕುಕ್ಕರ್ ಮಾನದಂಡದ ಸಂಖ್ಯೆ ಇದೆಯಾ ನೋಡಿ. ಅದೇ ಅಳತೆಯ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಗುತ್ತಾ ಕೇಳಿ. ಆ ಬಿಡಿಭಾಗ ಸಿಗದಿದ್ದರೆ ಎಷ್ಟೇ ದುಬಾರಿ ಕುಕ್ಕರಾದರೂ ಗ್ಯಾಸ್ಕೆಟ್ ಸಡಿಲ ಆದ ದಿನವೇ ಬರೀ ಪಾತ್ರೆ.

ಪುಟ್ಟಿ, ಸಾದಾ ಕಾವಲಿ ಯಾವುದಾದರೂ ಕಣ್ಣಿಗೆ ಬಿದ್ದರೆ ಅದರ ಅಳತೆ, ತೂಕ ಎರಡೂ ಇಲ್ಲಿ ಹಾಕು. ದಪ್ಪ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀನಿ.