ಚಾಳೀಸು ಬಂದಿದೆ ಅಷ್ಟೇ, ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕಾ?

ಸಾಗರದ ಟೈಲರ್:

ನನಗೆ 44. ಹೋದ ವರ್ಷ ಸೂಜಿಗೆ ದಾರ ಪೋಣಿಸೋಕೆ ಆಗದೆ ಪೇಟೆಯ ಕನ್ನಡಕದಂಗಡಿಗೆ ಹೋದೆ. ಮಷಿನ್ ಮುಂದೆ ಕೂರಿಸಿ ನೋಡಿ, "ಚಾಳೀಸು ಮೇಡಂ, ಒಂದೂಕಾಲು" ಅಂತ ಕನ್ನಡಕ ಕೊಟ್ರು. ಹಾಕ್ಕೊಂಡ್ರೆ ಅಕ್ಕಿಯಲ್ಲಿರೋ ಕಲ್ಲು ಕಾಣುತ್ತೆ, ತೆಗೆದ್ರೆ ದೂರದ ಬಸ್ಸಿನ ಬೋರ್ಡು ಕಾಣುತ್ತೆ. ನನ್ನ ಮಟ್ಟಿಗೆ ಅಲ್ಲಿಗೆ ಮುಗೀತು.

ಈಗ ಹುಬ್ಬಳ್ಳಿಯಲ್ಲಿರೋ ನಮ್ಮಣ್ಣನಿಗೆ ಗ್ಲಾಕೋಮಾ ಅಂದಿದಾರೆ. ಒಡಹುಟ್ಟಿದವರೆಲ್ಲ ಕಣ್ಣು ತೋರಿಸ್ಕೊಳ್ಳಲಿ ಅಂತ ಅವನ ಡಾಕ್ಟ್ರು ಹೇಳಿದ್ರಂತೆ. ದಿನಾ ಫೋನು, "ಹೋದ್ಯಾ? ಹೋದ್ಯಾ?" ಅಂತ. ಹೋಗೋದಾದ್ರೆ ಶಿವಮೊಗ್ಗಕ್ಕೇ ಹೋಗ್ಬೇಕು. ಡ್ರಾಪ್ಸ್ ಹಾಕಿದ್ರೆ ಆ ದಿನ ಪೂರ್ತಿ ಮಂಜು. ಇದು ಮದುವೆ ಸೀಸನ್, ರವಿಕೆಗಳು ರಾಶಿ ಬಿದ್ದಿವೆ. ನನಗೆ ನೋವಿಲ್ಲ, ಉರಿಯಿಲ್ಲ, ನೀರು ಸುರಿಯಲ್ಲ. ಹೋಗಲೇಬೇಕಾ, ಏನಾದ್ರೂ ತೊಂದ್ರೆ ಕಂಡಾಗ ಹೋದ್ರೆ ಸಾಕಾ?

ತುಂಗಾತೀರ:

ನಮ್ಮಪ್ಪಂಗೆ 78. ಮೊದಲು ಕನ್ನಡಕ ಬೇಕಿತ್ತು, ಈಗೊಂದು ವರ್ಷದಿಂದ ಕನ್ನಡಕ ಇಲ್ಲದೇ ಪೇಪರ್ ಓದ್ತಾರೆ! ದಿನಾ ಹೊನಗೊನ್ನೆ ಸೊಪ್ಪಿನ ಪಲ್ಯ. ಆಸ್ಪತ್ರೆ ಹೊಕ್ಕರೆ ಏನಾದ್ರೂ ಒಂದು ಇದೆ ಅಂತ ಹೇಳೇ ಹೇಳ್ತಾರೆ. ಸುಮ್ನಿರಿ.

ಘಾಟಿ ಡ್ರೈವರ್:

ತಂಗಿ, ಸೊಪ್ಪು ತಿನ್ನಿ, ಬೇಡ ಅನ್ನಲ್ಲ. ಆದರೆ ನನ್ನ ಕಥೆ ಒಂಚೂರು ಕೇಳಿ.

ಆಗುಂಬೆ ಘಾಟಿಯಲ್ಲಿ 22 ವರ್ಷ ಮಿನಿಬಸ್ ಓಡಿಸಿದವನು ನಾನು. 14 ತಿರುವು. ಯಾವ ತಿರುವಿನಲ್ಲಿ ಮಂಗಗಳು ಕೂತಿರ್ತವೆ ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಿದ್ದೆ. ಲೈಸೆನ್ಸಿಗೆ ಅಂತ ಕಣ್ಣು ತೋರಿಸಿದಾಗಲೆಲ್ಲ ಗೋಡೆ ಮೇಲಿನ ಅಕ್ಷರ ಕೊನೇ ಸಾಲಿನವರೆಗೂ ಗಡಗಡ ಓದಿದೀನಿ. 6/6. ಆ ಕಾಗದ ಇನ್ನೂ ಟ್ರಂಕಿನಲ್ಲಿದೆ.

ಒಂದು ಮಳೆಗಾಲ ಎರಡು ಸಲ ಬಸ್ಸಿನ ಎಡಗಡೆ ಕನ್ನಡಿ ಒಡೀತು. ಎರಡು ಸಲಾನೂ ಕ್ಲೀನರ್ ಹುಡುಗನಿಗೆ ಬೈದೆ, "ರೈಟ್ ರೈಟ್ ಅನ್ನೋ ಮೊದ್ಲು ನೋಡಲ್ವೇನೋ" ಅಂತ. ಪಾಪ, ಅವನದೇನೂ ತಪ್ಪಿರಲಿಲ್ಲ. ಆಮೇಲೆ ಮದುವೆ ಮನೆ ಊಟ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಎಲೆಯ ಎಡತುದಿಗೆ ತಾನೆ ಬಡಿಸೋದು? ನಾನು "ಇಲ್ಲಿ ಉಪ್ಪು ಬಂದಿಲ್ಲ" ಅಂತ ಕೂಗಿದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. ನಾನೂ ನಕ್ಕೆ. ವಯಸ್ಸಾಯ್ತು, ಮರೆವು ಅಂದ್ಕೊಂಡ್ವಿ. ಕಣ್ಣು ಅಂತ ಯಾರಿಗೂ ಹೊಳೀಲಿಲ್ಲ ಮಾರಾಯ್ರೆ.

ಸಿಕ್ಕಿದ್ದು ಹೆಂಡತಿಯ ಪೊರೆಯ ದೆಸೆಯಿಂದ. ಅವಳ ಜೊತೆಗೆ ಅಂತ ಆಸ್ಪತ್ರೆಗೆ ಹೋದವನು ಬೆಂಚಿನ ಮೇಲೆ ತೂಕಡಿಸ್ತಿದ್ದೆ. ಅಲ್ಲಿನ ಹುಡುಗಿಯೊಬ್ಬಳು "ಅಂಕಲ್, ಸುಮ್ನೆ ಕೂತಿದೀರಲ್ಲ, ನಿಮ್ಮದೂ ನೋಡ್ತೀನಿ ಬನ್ನಿ" ಅಂದ್ಲು. ಕಣ್ಣಿಗೆ ಫುಸ್ ಅಂತ ಗಾಳಿ ಬಿಟ್ಟು ಕಣ್ಣೊಳಗಿನ ಪ್ರೆಷರ್ ನೋಡಿದ್ಲು. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಂತೆ. ನನಗೆ ಬಲಕ್ಕೆ 27, ಎಡಕ್ಕೆ 34. ಅವಳು ಎದ್ದು ಡಾಕ್ಟ್ರನ್ನ ಕರೆಯೋಕೆ ಹೋದ ರೀತಿ ನೋಡಿಯೇ ನನ್ನ ತೂಕಡಿಕೆ ಬಿಟ್ಟುಹೋಯ್ತು.

ಮತ್ತೊಂದು ದಿನ ಬಟ್ಟಲಿನಂಥ ಮಷಿನ್ನಿಗೆ ಗದ್ದ ಇಡಿಸಿ ಕೂರಿಸಿದ್ರು. ನಡುವಿನ ದೀಪವನ್ನೇ ನೋಡ್ತಿರಬೇಕು, ಅಕ್ಕಪಕ್ಕ ಚುಕ್ಕೆ ಮಿಂಚಿದಾಗೆಲ್ಲ ಕೈಯಲ್ಲಿರೋ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿ ಬಂದಾಗ ಎಷ್ಟು ಹೊತ್ತಾದ್ರೂ ಚುಕ್ಕೆಯೇ ಇಲ್ಲ. "ಮಷಿನ್ ನಿಂತುಹೋಗಿದೆ ನೋಡಮ್ಮ" ಅಂದೆ. ಅವಳು ಮಾತಾಡಲಿಲ್ಲ. ಮಷಿನ್ ಸರಿಯಾಗೇ ಇತ್ತು.

ನೀವು ಕೇಳಿದ್ರಲ್ಲ, ತೊಂದ್ರೆ ಕಂಡಾಗ ಹೋದ್ರೆ ಸಾಕಾ ಅಂತ. ಈ ಗ್ಲಾಕೋಮಾ ಕಾಯಿಲೆಯಲ್ಲಿ ಬಹಳ ಜನಕ್ಕೆ ತೊಂದ್ರೆ ಕಾಣೋದೇ ಇಲ್ಲ. ಕಣ್ಣಿನಿಂದ ಮಿದುಳಿಗೆ ಹೋಗೋ ನರ ಸವೀತಾ ಬರುತ್ತೆ, ಮೊದಲು ಹೋಗೋದು ಪಕ್ಕದ ನೋಟ. ನೆಟ್ಟಗೆ ನೋಡೋದು ಕೊನೇವರೆಗೂ ಚೆನ್ನಾಗಿರುತ್ತೆ, ಅದಕ್ಕೇ ನಾನು 6/6. ಹೋದ ಜಾಗದಲ್ಲಿ ಕಪ್ಪಾಗಿ ಏನೂ ಕಾಣಲ್ಲ. ಮಿದುಳು ಅಕ್ಕಪಕ್ಕದ್ದನ್ನ ತಂದು ಅಲ್ಲಿಗೆ ತೇಪೆ ಹಾಕಿಬಿಡುತ್ತೆ. ನೀವು ಹೊಲಿಗೆಯವರು, ಬಟ್ಟೆ ಬಣ್ಣದ್ದೇ ದಾರದಲ್ಲಿ ತೇಪೆ ಹಾಕಿದ್ರೆ ಹರಿದ ಜಾಗ ಹುಡುಕಬೇಕಾಗುತ್ತೆ ಅಲ್ವಾ, ಹಾಗೆ.

ನಮ್ಮ ಕಾಲದವರಿಗೆ ಕಣ್ಣಿನ ಕಾಯಿಲೆ ಅಂದ್ರೆ ಪೊರೆ ಒಂದೇ. ನಮ್ಮಮ್ಮನಿಗೆ ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಆಪರೇಷನ್ ಆಗಿತ್ತು. ಸೋಡಾಬುಡ್ಡಿ ಕನ್ನಡಕ ಹಾಕ್ಕೊಂಡು ಬಂದು "ನಿನ್ನ ಮೀಸೆ ಇಷ್ಟು ನರೆತಿದ್ಯೇನೋ" ಅಂದಿದ್ಲು. ಆ ಪುಣ್ಯಾತ್ಮ ಊರೂರು ತಿರುಗಿ ಲಕ್ಷಗಟ್ಟಲೆ ಜನಕ್ಕೆ ನೋಟ ಕೊಟ್ರು. ಅದನ್ನು ನೋಡಿ ಬೆಳೆದ ನಾವು, ಕಣ್ಣು ಮಂಜಾದ್ರೆ ಮಂಜಾಗಲಿ, ಆಮೇಲೆ ತೆಗೆಸಿದ್ರಾಯ್ತು ಅಂತ ಕೂತ್ವಿ. ಪೊರೆ ತೆಗೆದ್ರೆ ನೋಟ ಮರಳಿ ಬರುತ್ತೆ. ಸವೆದ ನರ ಬರಲ್ಲ. ಇದ್ದದ್ದನ್ನ ಉಳಿಸ್ಕೊಳ್ಳೋದಷ್ಟೇ.

ಇನ್ನೊಂದು ದಡ್ಡತನಾನೂ ಹೇಳಿಬಿಡ್ತೀನಿ. ರಾತ್ರಿ ಒಂದು ಹನಿ ಹಾಕ್ಕೊಳ್ಳಿ ಅಂತ ಔಷಧಿ ಕೊಟ್ರು. ಹಾಕಿದ್ರೂ ಬಿಟ್ರೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಮೂರು ತಿಂಗಳು ಬಿಟ್ಟೆ. ಪ್ರೆಷರ್ ಮತ್ತೆ ಮೂವತ್ತು ದಾಟಿತ್ತು. ಆಮೇಲಿಂದ ದೇವರ ದೀಪ ಮರೆತ್ರೂ ಅದನ್ನ ಮರೆತಿಲ್ಲ. ಬಸ್ಸಿನ ಕೀಲಿ ಮಾತ್ರ ಮಾಲೀಕರ ಕೈಗೆ ಕೊಟ್ಟುಬಂದೆ. ಎರಡು ಕನ್ನಡಿಯಲ್ಲಿ ಹೋಯ್ತು, ಆ ಎಡಗಡೆ ಒಬ್ಬ ಶಾಲೆ ಹುಡುಗ ನಿಂತಿದ್ದಿದ್ರೆ?

ನೇತ್ರಾಧಿಕಾರಿ, ತಾಲೂಕು ಆಸ್ಪತ್ರೆ:

ಡ್ರೈವರ್ ಅಣ್ಣ ಹೇಳಿದ್ದು ಸರಿ. ನಾನು ಸ್ವಲ್ಪ ಸೇರಿಸ್ತೀನಿ.

ಅಂಗಡಿಯ ಮಷಿನ್ ನೋಡೋದು ಕನ್ನಡಕದ ನಂಬರ್. ಕಣ್ಣಿನ ನರವನ್ನಲ್ಲ. ಪ್ರೆಷರ್ ಒಂದನ್ನೇ ನೋಡಿ ಸರಿಯಿದೆ ಅಂದ್ರೂ ಸಾಲದು, 21ರೊಳಗೇ ಇದ್ದು ನರ ಸವೆಯುವವರೂ ಇದ್ದಾರೆ. ಪಾಪೆ ಹಿಗ್ಗಿಸಿ ಹಿಂದಿನ ನರ ನೋಡಬೇಕು, ಅನುಮಾನ ಬಂದ್ರೆ ಫೀಲ್ಡ್ ಟೆಸ್ಟ್ (ಡ್ರೈವರ್ ಅಣ್ಣ ಹೇಳಿದ ಬಟ್ಟಲಿನಂಥ ಮಷಿನ್ನಿನದು), ಸ್ಕ್ಯಾನ್. ಕೆಲವರಿಗೆ ಕಣ್ಣೊಳಗಿನ ನೀರು ಹೊರಹೋಗೋ ಮೂಲೆಯೇ ಕಿರಿದಾಗಿರುತ್ತೆ, ಅದನ್ನೂ ನೋಡಿಸಿ. ಅಂಥವರಿಗೆ ಒಮ್ಮೆಲೇ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡ್ರೆ ಆ ರಾತ್ರಿಯೇ ಓಡಬೇಕು.

ಸ್ವಂತ ಅಣ್ಣನಿಗೆ ಇರೋದ್ರಿಂದ ನಿಮಗೆ ಅಪಾಯ ಬೇರೆಯವರಿಗಿಂತ ಹೆಚ್ಚು. ಈಗೊಂದು ಸಲ ಪೂರ್ತಿ ಪರೀಕ್ಷೆ, ಆಮೇಲೆ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟ್ರು ಹೇಳ್ತಾರೆ. ನಲವತ್ತಕ್ಕೆ ಚಾಳೀಸು ಬರುತ್ತಲ್ಲ, ಕಣ್ಣು ತಾನಾಗಿಯೇ ನೆನಪು ಮಾಡಿದ ಹಾಗೆ. ನಾವು ಕನ್ನಡಕ ತಗೊಂಡು ವಾಪಸ್ ಬಂದುಬಿಡ್ತೀವಿ. ಶುಗರ್ ಇರೋರಂತೂ ಕಣ್ಣು ಚೆನ್ನಾಗಿದ್ರೂ ವರ್ಷಕ್ಕೊಮ್ಮೆ ತೋರಿಸಬೇಕು. ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕ್ಕೊಂಡು ಪ್ರೆಷರ್ ಏರಿಸ್ಕೊಂಡವರನ್ನೂ ನೋಡ್ತಿರ್ತೀನಿ.

ತುಂಗಾತೀರ ಅವರೇ, ಬೇಜಾರಾಗ್ಬೇಡಿ. ಇಳಿವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹತ್ತಿರದ ಓದಿಗೆ ಕನ್ನಡಕ ಬೇಡವಾದ್ರೆ ಅದು ಪೊರೆ ಬಲೀತಿರೋ ಗುರುತಾಗಿರಬಹುದು. ಅಪ್ಪನನ್ನ ಒಮ್ಮೆ ಕರ್ಕೊಂಡು ಹೋಗಿ.

ತುಂಗಾತೀರ:

ಅಯ್ಯೋ. ಇತ್ತೀಚೆಗೆ ಟಿವಿ ಮಂಜು ಮಂಜು ಅಂತಾನೂ ಅಂತಿದ್ರು. ಸರಿ.

ಸಾಗರದ ಟೈಲರ್:

ಎಲ್ರಿಗೂ ಥ್ಯಾಂಕ್ಸ್. ಅಣ್ಣನ ರಿಪೋರ್ಟಿನ ಫೋಟೊ ತರಿಸ್ಕೊಂಡೆ, ಅದನ್ನೂ ತೋರಿಸ್ತೀನಿ. ಗುರುವಾರಕ್ಕೆ ಹೆಸರು ಬರೆಸಿದೀನಿ. ಮದುಮಗಳ ರವಿಕೆ ಬುಧವಾರ ರಾತ್ರಿಯೇ ಮುಗಿಸ್ಬೇಕು. ಡ್ರೈವರ್ ಅಣ್ಣ, ಸ್ಕೂಟಿಯಲ್ಲಿ ಹೋಗಿಬರಬಹುದಾ? ಬೇಗ ಆಗುತ್ತೆ.

ಘಾಟಿ ಡ್ರೈವರ್:

ಬೇಡ ತಂಗಿ. ಡ್ರಾಪ್ಸ್ ಹಾಕಿದ್ಮೇಲೆ ನಾಲ್ಕೈದು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತೆ, ಹತ್ತಿರದ್ದು ಏನೂ ಓದಕ್ಕಾಗಲ್ಲ. ಬಸ್ಸಿಗೇ ಹೋಗಿ, ಯಾರನ್ನಾದ್ರೂ ಜೊತೆಗೆ ಕರ್ಕೊಳ್ಳಿ. ಹಳೇ ಚಾಳೀಸು ಕನ್ನಡಕ ಚೀಲದಲ್ಲಿರಲಿ, ನಂಬರ್ ಕೇಳ್ತಾರೆ. ಶಿವಮೊಗ್ಗದಿಂದ ವಾಪಸ್ ಬರೋವಾಗ ಮಧ್ಯಾಹ್ನದ ಮೇಲೆ ಬಿಸಿಲು ಎಡಗಡೆಯಿಂದ ಹೊಡೆಯುತ್ತೆ. ಬಲಗಡೆ ಸೀಟು ಹಿಡೀರಿ.