ಅಗ್ಗದ ಮೌಂಟನ್ ಬೈಕ್‌ಗೆ ದುಡ್ಡು ಹಾಕಲಾ?

ಪ್ರಶ್ನೆ: ನನ್ನ ಸೈಕಲ್ 7 ಗೇರಿನ ಫ್ರೀವೀಲ್‌ನದು (ಹಿಂದಿನ ಹಬ್‌ಗೆ, ಅಂದರೆ ಚಕ್ರದ ನಡುಭಾಗಕ್ಕೆ, ತಿರುಗಿಸಿ ಕೂರಿಸುವ ಗೇರ್ ಗುಚ್ಛ), ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸ್ಪ್ರಿಂಗಿನದು, ತೂಕ 16 ಕಿಲೋ. ಮುಂದಿನ ತಿಂಗಳು ಮೊದಲ ರೇಸ್. ಸ್ಪ್ರಿಂಗ್ ಬದಲು ಗಾಳಿಯಿಂದ ಕುಲುಕು ತಡೆಯುವ ಏರ್ ಫೋರ್ಕ್ ಹಾಕಿಸಲಾ, ಇಲ್ಲ ಹೊಸ ಸೈಕಲ್‌ಗೆ ದುಡ್ಡು ಕೂಡಿಡಲಾ?

ಉತ್ತರ 1: ಫೋರ್ಕ್ ಬೇಡ ಮಾರಾಯ್ರೆ! ಒಳ್ಳೆಯದು ಬೇಕೆಂದರೆ ನಿಮ್ಮ ಇಡೀ ಸೈಕಲ್‌ಗಿಂತ ಜಾಸ್ತಿ ಆಗುತ್ತದೆ. ನಾನು ಆಸೆಪಟ್ಟು ತಂದೆ. ನೋಡಿದರೆ ಅದರದು ಟೇಪರ್ಡ್ ಸ್ಟೀರರ್ (ಕೆಳಗೆ ದಪ್ಪ ಆಗುವ ಮೇಲಿನ ಕೊಳವೆ), ಅದು ಕೂರಬೇಕಾದ ನನ್ನ ಫ್ರೇಮಿನ ಹೆಡ್ ಟ್ಯೂಬ್ ನೇರದ್ದು. ಒಳಗೇ ಹೋಗಲಿಲ್ಲ. ಸುಮ್ನೆ ಮೂಲೆಯಲ್ಲಿ ಬಿದ್ದಿದೆ. ಹಿಡಿತ ಇರುವ ಟೈರ್, ಹೊಸ ಬ್ರೇಕ್ ಪ್ಯಾಡ್ ಹಾಕಿ. ಗಾಳಿ ಸ್ವಲ್ಪ ಕಡಿಮೆ ಇಡಿ, ತೀರಾ ಇಳಿಸಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್.

ಉತ್ತರ 2: ಹೌದು. ಫ್ರೀವೀಲ್ ಹಬ್ ಅಲ್ವಾ, ಜಾಸ್ತಿ ಜಿಗಿಯಬೇಡಿ. ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಬಾಗುತ್ತದೆ.

ಪ್ರಶ್ನೆ ಕೇಳಿದವರು: ಸರಿ, ಟೈರ್ ಮಾತ್ರ. ಆ ಫೋರ್ಕ್ ಮಾರುತ್ತೀರಾ?