ಚಿಗರಿ ಅಭಯಾರಣ್ಯದ ಪಕ್ಕದ ಬಯಲಲ್ಲಿ ಯಾವ ಸಸಿ ನೆಡಬೇಕು?

ಮೆಣಸಿನಕಾಯಿ ಹುಡುಗ:
ನಮ್ಮದು ರಾಣೆಬೆನ್ನೂರು ಕಡೆ ಹಳ್ಳಿ. ಕೃಷ್ಣಮೃಗ (ನಮ್ಮ ಕಡೆ ಚಿಗರಿ ಅಂತೀವಿ) ಅಭಯಾರಣ್ಯಕ್ಕೆ ಹತ್ತಿಕೊಂಡೇ ಊರಿನ ಗಾಯರಾಣ, ಅಂದರೆ ಗೋಮಾಳ ಇದೆ. ಬೇಸಿಗೆಯಲ್ಲಿ ಪೂರ್ತಿ ಬೋಳು. ಜೂನ್ 5ಕ್ಕೆ ಯುವಕ ಸಂಘದಿಂದ ಅಲ್ಲಿ ಹೊಂಗೆ, ಬೇವು ನೆಟ್ಟು ಬೀಜದುಂಡೆ ಎಸೆಯೋಣ ಅಂತ ಮಾತಾಗಿದೆ. ಚಿಗರಿಗಳಿಗೆ ನೆರಳಾಗುತ್ತೆ, ಹೊಲಕ್ಕೆ ಬರೋದೂ ಕಡಿಮೆಯಾಗಬಹುದು ಅಲ್ವಾ? ಬೇರೆ ಯಾವ ಜಾತಿ ಒಳ್ಳೆಯದು?

ಕುರಿಹಟ್ಟಿ:
ಅಲ್ಲಿ ಯಾವ ಜಾತಿಯೂ ಬೇಡ ತಮ್ಮಾ. ನಮ್ಮ ಮನೆಯವರು ತಲೆಮಾರಿನಿಂದ ಕುರಿ ಮೇಯಿಸಿದವರು, ಆ ಬಯಲು ನನಗೆ ಗೊತ್ತು. ನಿಮಗೆ ಬೋಳು ಕಾಣೋದೇ ಚಿಗರಿಗೆ ಬೇಕಾದ ಜಾಗ. ಅದು ಬದುಕೋದು ಕಣ್ಣು, ಕಾಲಿನ ಬಲದಿಂದ. ತೋಳವನ್ನು ದೂರದಲ್ಲೇ ನೋಡಬೇಕು, ನೋಡಿದ ಕೂಡಲೇ ಓಡಬೇಕು. ಗಿಡ ದಟ್ಟವಾದರೆ ಎರಡೂ ಆಗಲ್ಲ. ಗಂಡು ಚಿಗರಿ ಬಯಲಲ್ಲೇ ತನ್ನ ಜಾಗ ಹಿಡಿಯುತ್ತೆ, ಒಂದೇ ಕಡೆ ಹಿಕ್ಕೆ ಗುಡ್ಡೆ ಹಾಕಿ ಗುರುತು ಮಾಡುತ್ತೆ.

1974ರಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಅಂತ ಘೋಷಣೆ ಆಯ್ತು. ಆದರೆ ಅದರಲ್ಲಿ ಬಹುಪಾಲು ನೀಲಗಿರಿ ನೆಡುತೋಪು. ಅದರ ಕೆಳಗೆ ಹುಲ್ಲು ಸರಿಯಾಗಿ ಬರಲ್ಲ. ಮೇವು ಹೊರಗಿದ್ದರೆ ಪ್ರಾಣಿ ಒಳಗೆ ಯಾಕೆ ಕೂರುತ್ತೆ? ಗೋವಿನಜೋಳ ಮೊಳಕೆ ಬಂದ ಹೊಲಕ್ಕೆ ಬರುತ್ತೆ. ಆಮೇಲೆ ಬೈಸಿಕೊಳ್ಳೋದು ಚಿಗರಿ.

ಎರ್ಲಡ್ಡು ಹಕ್ಕಿ, ಇಂಗ್ಲಿಷಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತಾರಲ್ಲ, ಕೇಳಿದ್ದೀರಾ? ಈ ಅಭಯಾರಣ್ಯದಲ್ಲಿ ಹಿಂದೆ ಅದೂ ಇತ್ತು. ಬಯಲ ನೆಲದ ಮೇಲೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ. ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ದೇಶದ ಬಯಲುಗಳಲ್ಲೆಲ್ಲ ಸೇರಿದರೂ ಇನ್ನೂರು ಇಲ್ಲ.

ಕೆರೆ ಏರಿ:
ಹಾಗಾದ್ರೆ ಇರೋ ನೀಲಗಿರಿನೆಲ್ಲ ಕಡಿದುಬಿಟ್ಟರೆ ಮುಗೀತಾ? ಕುರಿ ಮೇಯೋದನ್ನೂ ನಿಲ್ಲಿಸಬೇಕಾ?

ಕುರಿಹಟ್ಟಿ:
ಸುಮ್ನೆ ಕಡಿದರೆ ಮುಗಿಯಲ್ಲ. ನೀಲಗಿರಿ ಬೊಡ್ಡೆಯಿಂದ ಮತ್ತೆ ಚಿಗುರುತ್ತೆ. ಖಾಲಿಯಾದ ಜಾಗಕ್ಕೆ ಬಳ್ಳಾರಿ ಜಾಲಿ ನುಗ್ಗುತ್ತೆ. ಅದರ ಕಾಯಿ ಕುರಿಯೂ ತಿನ್ನುತ್ತೆ, ಚಿಗರಿಯೂ ತಿನ್ನುತ್ತೆ. ಬೀಜ ಹಿಕ್ಕೆಯಲ್ಲಿ ಹೋಗಿ ಬೇರೆ ಕಡೆ ಹುಟ್ಟುತ್ತೆ. ಬೇರು ಸಮೇತ ತೆಗೆದು, ಮುಂದಿನ ಮಳೆಗಾಲಗಳಲ್ಲೂ ಸಣ್ಣ ಸಸಿ ಕೀಳುತ್ತಾ ಇರಬೇಕು. ಬೇಸರದ ಕೆಲಸ, ಫೋಟೋಗೂ ಚೆನ್ನಾಗಿ ಕಾಣಲ್ಲ!

ಕುರಿ ಪೂರ್ತಿ ನಿಲ್ಲಿಸಿ ಅನ್ನೋದನ್ನು ನಾನು ಒಪ್ಪಲ್ಲ. ಯಾರೂ ಮೇಯದ ಹುಲ್ಲು ಎತ್ತರ ಬೆಳೆದು ಒರಟಾಗುತ್ತೆ, ಚಿಗರಿಗೂ ರುಚಿಸಲ್ಲ. ಜಾಸ್ತಿ ಮೇಯಿಸಿದರೆ ಮಣ್ಣೇ ಕೊಚ್ಚಿ ಹೋಗುತ್ತೆ. ಮಳೆ ಬಿದ್ದು ಹುಲ್ಲು ಬೇರೂರುವ ತನಕ ಒಂದು ಕಡೆ ಬಿಟ್ಟು, ಇನ್ನೊಂದು ಕಡೆ ಮೇಯಿಸಬೇಕು. ನಮ್ಮ ಹಿರಿಯರು ಹಾಗೇ ಮಾಡ್ತಿದ್ದರು, ಅದಕ್ಕೆ ಯಾವ ಬೋರ್ಡೂ ಬೇಕಿರಲಿಲ್ಲ.

ಇನ್ನೊಂದು ಮಾತು. ಕೋಳಿ ತ್ಯಾಜ್ಯ ಬಯಲಲ್ಲಿ ಸುರಿಯೋದನ್ನು ನಿಲ್ಲಿಸಿ. ಅದಕ್ಕೆ ನಾಯಿಗಳು ಸೇರುತ್ತವೆ, ಆಮೇಲೆ ಹುಲ್ಲಲ್ಲಿ ಅಡಗಿ ಮಲಗಿದ ಚಿಗರಿ ಮರಿ ಹಿಡಿಯುತ್ತವೆ. ನಮ್ಮ ಕುರಿಮರಿಯನ್ನೂ ಬಿಡಲ್ಲ. ಕೆಟ್ಟ ಹೆಸರು ಮಾತ್ರ ತೋಳಕ್ಕೆ.

ಮೆಣಸಿನಕಾಯಿ ಹುಡುಗ:
ಅಣ್ಣಾ, ಸಸಿ ಆಗಲೇ ಹೇಳಿಬಿಟ್ಟಿದ್ದೀವಿ. ಈಗೇನು ಮಾಡೋದು?

ಕುರಿಹಟ್ಟಿ:
ಶಾಲೆ ಅಂಗಳ, ಬಸ್ ನಿಲ್ದಾಣ, ಊರ ರಸ್ತೆ ಇಲ್ವಾ? ಬೇವಿಗೆ ಅದೇ ಜಾಗ. ಬೀಜದುಂಡೆ ಮಾತ್ರ ಬಯಲಿಗೆ ಬೇಡವೇ ಬೇಡ. ಗಾಯರಾಣದಲ್ಲಿ ಜಾಲಿ ಸಸಿ ಕೀಳೋಕೆ ಪಂಚಾಯಿತಿಯವರನ್ನು ಕೇಳಿ. ಅಭಯಾರಣ್ಯದ ಗಡಿಯೊಳಗಾದರೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಏನೂ ಮಾಡಬೇಡಿ. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಹೋಗಿ, ಎಳೆ ಸಸಿ ಬೇರು ಸಮೇತ ಸಲೀಸಾಗಿ ಬರುತ್ತೆ. ಕೈಗೆ ದಪ್ಪ ಗವಸು ಹಾಕಿಕೊಳ್ಳಿ, ಆ ಮುಳ್ಳು ಕೆಟ್ಟದ್ದು.